ನರ್ಸ್‌ಗಳ ಕೈಗವಸಿನ ಕುರಿತ ಸಂದೇಶಕ್ಕೆ ಸ್ಪಷ್ಟನೆ

‘ಎಮ್‌ಆರ್‌ಎಸ್‌ಎ (ಹಲವು ಆ್ಯಂಟಿಬಯೋಟಿಕ್ ಔಷಧಗಳಿಗೆ ಬಗ್ಗದ ಒಂದು ಬ್ಯಾಕ್ಟೀರಿಯಾ) ರೋಗಾಣು ಗಾಳಿಯಲ್ಲಿ ಹರಡುತ್ತದೆ, ಅದಕ್ಕೆ ಮದ್ದೇ ಇಲ್ಲ, ಆದ್ದರಿಂದಲೇ ನರ್ಸ್‌ಗಳು ಹೆದರಿ ಗೌನು, ಕೈಗವಸು ತೊಟ್ಟು ರೋಗಿಯನ್ನು ದೂರವಿಡುತ್ತಾರೆ’ ಎಂಬ ಸಂದೇಶವೊಂದು ಕಾರವಾರ, ಅಂಕೋಲಾ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಹಿಂದುಮುಂದು ನೋಡದೆ ಅದನ್ನು ನಮ್ಮ ಕೇರಿಯ ಗುಂಪಿಗೆ ನಾನೂ ಕಳುಹಿಸಿದ್ದೆ. ಅದರಲ್ಲಿರುವ ಮಾತು ತಪ್ಪು.

1961ರಲ್ಲಿ ಬ್ರಿಟನ್ನಿನಲ್ಲಿ ಮೊದಲು ವರದಿಯಾದ ಈ ರೋಗಾಣು ಮೆಥಿಸಿಲಿನ್ ಗುಂಪಿನ ಔಷಧಗಳಿಗೆ ಬಗ್ಗುವುದಿಲ್ಲ ಎಂಬುದು ನಿಜ. ಆದರೆ ವ್ಯಾಂಕೊಮೈಸಿನ್‌ನಂತಹ ಬೇರೆ ಮದ್ದುಗಳಿವೆ. ಇದು ಮುಖ್ಯವಾಗಿ ಹರಡುವುದು ಸ್ಪರ್ಶದಿಂದ, ಅಂದರೆ ಆರೈಕೆ ಮಾಡುವವರ ಕೈ, ಮಂಚದ ಸರಳು, ಬಿ.ಪಿ. ನೋಡುವ ಪಟ್ಟಿ ಇಂಥವುಗಳ ಮೂಲಕ. ಹಾಗಾಗಿ ನರ್ಸ್ ತೊಡುವ ಗೌನು ಮತ್ತು ಕೈಗವಸು ಹೆದರಿಕೆಯ ಗುರುತಲ್ಲ. ಪಕ್ಕದ ಹಾಸಿಗೆಯ ರೋಗಿಗೆ ಸೋಂಕು ದಾಟದಂತೆ ಪಾಲಿಸುವ ನಿಯಮ. ಕೈಗವಸಿನಲ್ಲಿ ಕಣ್ಣಿಗೆ ಕಾಣದ ತೂತುಗಳಿರಬಹುದು, ಕಳಚುವಾಗಲೂ ಕೈಗೆ ರೋಗಾಣು ತಗಲಬಹುದು ಎಂಬ ಕಾರಣಕ್ಕೆ ಅದನ್ನು ತೆಗೆದ ಮೇಲೂ ಕೈ ತೊಳೆಯಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯು ಕೈ ಶುಚಿಗೊಳಿಸಬೇಕಾದ ಐದು ಸಂದರ್ಭಗಳನ್ನು ಹೇಳುತ್ತದೆ. ರೋಗಿಯನ್ನು ಮುಟ್ಟದೆ ಅವರ ಸುತ್ತಲಿನ ವಸ್ತುಗಳನ್ನಷ್ಟೇ ಮುಟ್ಟಿದ ನಂತರದ ಗಳಿಗೆಯೂ ಅವುಗಳಲ್ಲಿ ಒಂದು. (ನೋಡಲು ಹೋಗುವ ನಾವು ಮಂಚದ ಮೇಲೇ ಕುಳಿತು ಎಳನೀರು ಕುಡಿಸಿ, ಕೈ ತೊಳೆಯದೆ ಮುಂದಿನ ಹಾಸಿಗೆಯ ಪರಿಚಿತರನ್ನು ಮಾತನಾಡಿಸುವುದುಂಟು.)

ಸಾಬೂನು, ನೀರಿನಿಂದಾದರೆ 40ರಿಂದ 60 ಸೆಕೆಂಡು, ಆಲ್ಕೊಹಾಲ್ ದ್ರಾವಣದಿಂದಾದರೆ 20ರಿಂದ 30 ಸೆಕೆಂಡು ಕೈ ಉಜ್ಜಿಕೊಳ್ಳಬೇಕು.

ಆ ಸಂದೇಶವನ್ನು ದಯವಿಟ್ಟು ಇನ್ನು ಮುಂದೆ ಯಾರಿಗೂ ಕಳುಹಿಸಬೇಡಿ. ನನ್ನಿಂದ ಪಡೆದವರು ಅಳಿಸಿ, ನೀವು ಕಳುಹಿಸಿದವರಿಗೂ ತಿಳಿಸಬೇಕಾಗಿ ವಿನಂತಿ.