ಟೀಚರ್ ಶಾಸಕಿಯಾದರೆ ಮೊದಲು ಶಾಲೆಯ ಕ್ಯಾಲೆಂಡರ್ ಸರಿಪಡಿಸಲಿ

ಮಹಿಳಾ ಮೀಸಲಾತಿಯ ಸುದ್ದಿ ಬಂದಾಗಲೆಲ್ಲ ಕೊಡಗಿನಲ್ಲಿ ಒಂದು ಮಾತು ಕೇಳಿಬರುತ್ತದೆ: "ಒಬ್ಬ ಒಳ್ಳೆ ಟೀಚರನ್ನು ನಿಲ್ಲಿಸಿ ಗೆಲ್ಲಿಸಿದರೆ ನಮ್ಮ ಶಾಲೆಗಳಾದರೂ ಉಳಿಯುತ್ತವೆ." ಆಸೆ ನ್ಯಾಯವಾದದ್ದೇ. ಆದರೆ ಟೀಚರ್ ಆಗಿದ್ದವರು ಎಂಬ ಒಂದೇ ಕಾರಣಕ್ಕೆ ಶಾಲೆ ಉಳಿಯುವುದಿಲ್ಲ. ಸ್ಮಾರ್ಟ್ ಬೋರ್ಡ್ ಹಂಚಿಕೆ, ಕೊಠಡಿಗೆ ಗುದ್ದಲಿ ಪೂಜೆ, ಪ್ರತಿಭಾ ಪುರಸ್ಕಾರ ಅಂತ ಐದು ವರ್ಷ ಕಳೆದುಬಿಡಬಹುದು, ಅಷ್ಟನ್ನು ಯಾವ ಶಾಸಕರೂ ಮಾಡುತ್ತಾರೆ. ಜೂನ್‌ನಿಂದ ಏಪ್ರಿಲ್‌ವರೆಗೆ ಶಾಲೆಯಲ್ಲಿ ಯಾವ ವಾರ ಏನು ನಡೆಯುತ್ತದೆ, ಯಾವ ವಾರ ಏನು ಕೈತಪ್ಪುತ್ತದೆ ಎಂಬುದು ಟೀಚರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಕೊಡಗಿಗೆ ಬೇಕಿರುವುದು ಆ ತಿಳಿವಳಿಕೆಯೇ. ಇಲ್ಲಿ ಮಳೆ ಒಂದು ಲೆಕ್ಕದಲ್ಲಿ ನಡೆಯುತ್ತದೆ, ಕಾಫಿ ಇನ್ನೊಂದು ಲೆಕ್ಕದಲ್ಲಿ, ಬೆಂಗಳೂರಿನ ಕಡತ ಮತ್ತೊಂದರಲ್ಲಿ. ಮೂರೂ ಕೂಡದ ಕಡೆಯಲ್ಲೇ ಮಗುವಿನ ಕಲಿಕೆ ಸೋರಿಹೋಗುತ್ತಿದೆ.

ಮೊದಲು ಸದನಕ್ಕೆ ಹೋಗುವ ದಾರಿಯ ವಿಷಯ, ಇದರಲ್ಲಿ ಗೊಂದಲ ಬಹಳ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳು. ಕೊಡಗು ಇರುವುದು ನೈಋತ್ಯ ಶಿಕ್ಷಕರ ಕ್ಷೇತ್ರದಲ್ಲಿ. ಅಲ್ಲಿ ಮತ ಹಾಕಲು ಪ್ರೌಢಶಾಲೆ ಅಥವಾ ಅದಕ್ಕೆ ಮೇಲ್ಪಟ್ಟ ಸಂಸ್ಥೆಯಲ್ಲಿ ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷವಾದರೂ ಪಾಠ ಮಾಡಿರಬೇಕು. ಅಂದರೆ ಬುಡಕಟ್ಟು ಜನರ ಹಾಡಿಯ ಪಕ್ಕದ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತು ವರ್ಷ ಅಕ್ಷರ ಕಲಿಸಿದ ಟೀಚರಿಗೆ ಶಿಕ್ಷಕರ ಕ್ಷೇತ್ರದಲ್ಲಿ ಮತವಿಲ್ಲ. ಇದು ಸಂವಿಧಾನದ 171ನೇ ವಿಧಿಯಲ್ಲೇ ಇರುವುದರಿಂದ ತಿದ್ದಬೇಕಾದದ್ದು ಸಂಸತ್ತು. ತಿದ್ದುಪಡಿಗೆ ಒತ್ತಾಯಿಸಿ ಸದನದಲ್ಲಿ ನಿರ್ಣಯ ಮಂಡಿಸಲು ಮಾತ್ರ ಯಾವ ಅಡ್ಡಿಯೂ ಇಲ್ಲ, ಶಿಕ್ಷಕಿಯಾಗಿದ್ದವರು ಅದನ್ನು ಮಾಡಲೇಬೇಕು. 2023ರ 106ನೇ ತಿದ್ದುಪಡಿಯ ಮೂರನೇ ಒಂದರಷ್ಟು ಮೀಸಲಾತಿಯೂ ಲೋಕಸಭೆ, ವಿಧಾನಸಭೆಗಳಿಗೆ ಮಾತ್ರ, ಪರಿಷತ್ತಿಗಿಲ್ಲ. 224 ಸ್ಥಾನಗಳ ನಮ್ಮ ವಿಧಾನಸಭೆಗೆ 2023ರಲ್ಲಿ ಗೆದ್ದ ಮಹಿಳೆಯರು 10 ಮಂದಿ. ಸರ್ಕಾರಿ ಟೀಚರ್ ಒಬ್ಬರು ಮಡಿಕೇರಿಯಿಂದಲೋ ವಿರಾಜಪೇಟೆಯಿಂದಲೋ ನಿಲ್ಲಬೇಕಾದರೆ ನೌಕರಿ ಬಿಡಬೇಕು. ರಾಜೀನಾಮೆ ಬರೆದು ಕೊಟ್ಟರೆ ಸಾಲದು, ನಾಮಪತ್ರ ಪರಿಶೀಲನೆಗೆ ಮೊದಲೇ ಅದು ಅಂಗೀಕಾರವಾಗಿರಬೇಕು.

ಮಾದರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಮಾಕುಟ್ಟ ಘಾಟಿ ಇಳಿದು ಕೂಟುಪುಳ ಸೇತುವೆ ದಾಟಿದರೆ ಸಿಗುವ ಕೇರಳದ ಪೇರಾವೂರು ಕ್ಷೇತ್ರವನ್ನು 2006ರಿಂದ 2011ರವರೆಗೆ ಪ್ರತಿನಿಧಿಸಿದ್ದು ಕೆ.ಕೆ. ಶೈಲಜಾ. ಕಣ್ಣೂರು ಜಿಲ್ಲೆಯ ಶಿವಪುರಂ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವರು. ಮಂತ್ರಿಯಾದ ಮೇಲೂ ಜನ ಕರೆದದ್ದು ಶೈಲಜಾ ಟೀಚರ್ ಎಂದೇ. 2011ರಲ್ಲಿ ಅದೇ ಪೇರಾವೂರಿನಲ್ಲಿ ಸೋತರು, 2016ರಲ್ಲಿ ಕೂತುಪರಂಬದಿಂದ ಗೆದ್ದು ಆರೋಗ್ಯ ಸಚಿವೆಯಾದರು, 2021ರಲ್ಲಿ ಮಟ್ಟನ್ನೂರಿನಿಂದ 60,963 ಮತಗಳ ಅಂತರದಲ್ಲಿ ಗೆದ್ದರು. 2018ರಲ್ಲಿ ನಿಪಾ ವೈರಸ್ ಸೋಂಕು ಬಂದಾಗ ಕೇರಳ ಮಾಡಿದ ಮುಖ್ಯ ಕೆಲಸ ರೋಗಿಯ ಸಂಪರ್ಕಕ್ಕೆ ಬಂದ ಒಬ್ಬೊಬ್ಬರ ಹೆಸರು ಪಟ್ಟಿ ಮಾಡಿ, ದಿನವೂ ಅವರನ್ನು ವಿಚಾರಿಸಿದ್ದು. ಹೆಸರು ಹಿಡಿದು ಲೆಕ್ಕ ಇಡುವ ಆ ಶಿಸ್ತು ತರಗತಿಯಿಂದ ಬಂದವರಿಗೆ ಹೊಸದಲ್ಲ. ನಮ್ಮ ಶಾಲೆಗಳಿಗೂ ಅದೇ ಬೇಕು, ಸರಾಸರಿಗಳಲ್ಲ.

ಈಗ ಕ್ಯಾಲೆಂಡರ್. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಷಕ್ಕೆ 1ರಿಂದ 5ನೇ ತರಗತಿಗೆ 200 ದಿನ, 6ರಿಂದ 8ಕ್ಕೆ 220 ದಿನ ಪಾಠ ನಡೆಯಬೇಕು. ಮೇ ಕೊನೆಗೆ ಶಾಲೆ ಶುರುವಾಗುತ್ತದೆ, ಜೂನ್‌ನಲ್ಲಿ ಮಳೆ ಹಿಡಿಯುತ್ತದೆ, ಜುಲೈ ಹೊತ್ತಿಗೆ ಹಿಂದಿನ ರಾತ್ರಿಯೋ ಅಂದಿನ ಬೆಳಿಗ್ಗೆಯೋ ಜಿಲ್ಲಾಧಿಕಾರಿಗಳ ರಜೆ ಆದೇಶ ಬರುತ್ತದೆ. ದೂರದ ಮಕ್ಕಳು ಅಷ್ಟರಲ್ಲಿ ಮನೆ ಬಿಟ್ಟಿರುತ್ತಾರೆ. ಬಿಟ್ಟುಬಿಟ್ಟು ಬರುವ ಈ ರಜೆಗಳಿಗೆ ಬದಲಾಗಿ ಆಮೇಲೆ ಶನಿವಾರ ಮಧ್ಯಾಹ್ನ, ಭಾನುವಾರ ತರಗತಿ. ಕಾಗದದಲ್ಲಿ ದಿನಗಳು ತುಂಬುತ್ತವೆ, ಪಾಠ ತುಂಬುವುದಿಲ್ಲ. ಮೊದಲ ರೂಪಣಾತ್ಮಕ ಪರೀಕ್ಷೆ ಸರಿಯಾಗಿ ಈ ಗಲಿಬಿಲಿಯ ನಡುವೆಯೇ ಬೀಳುತ್ತದೆ.

ಕೊಡವರ ಪಂಚಾಂಗದ ಮಳೆ ತಿಂಗಳಾದ ಕಕ್ಕಡ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. 2018ರ ಮಹಾ ಭೂಕುಸಿತ ಆಗಸ್ಟ್ ಮಧ್ಯದಲ್ಲಿ, 2019ರ ತೋರ ಗ್ರಾಮದ ಭೂಕುಸಿತ ದುರಂತ ಆಗಸ್ಟ್ ಎರಡನೇ ವಾರದಲ್ಲಿ, 2020ರ ತಲಕಾವೇರಿ ಬೆಟ್ಟ ಜರಿದದ್ದು ಆಗಸ್ಟ್ ಮೊದಲ ವಾರದಲ್ಲಿ. ಅಪಾಯದ ಕಾಲ ಯಾವುದೆಂದು ಹಿರಿಯರಿಗೆ ಗೊತ್ತಿತ್ತು, ಈಗ ದಾಖಲೆಯೂ ಅದನ್ನೇ ಹೇಳುತ್ತಿದೆ. ಹಾಗಿದ್ದ ಮೇಲೆ ಬೇಸಿಗೆ ರಜೆಯಿಂದ 15 ದಿನ ತೆಗೆದು ಜುಲೈ ಕೊನೆ, ಆಗಸ್ಟ್ ಮೊದಲಿಗೆ ನಿಗದಿತ ಮಳೆ ರಜೆಯಾಗಿ ಏಕೆ ಇಡಬಾರದು? ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯೆ ತರಗತಿ ನಡೆಸುವುದು ಮಕ್ಕಳಿಗೆ ಹಿಂಸೆ, ಮಡಿಕೇರಿಯಲ್ಲಿ ಅಲ್ಲ. ಒಂದೇ ರಾಜ್ಯದಲ್ಲಿ ಎರಡು ಕ್ಯಾಲೆಂಡರ್ ಹೇಗೆ ಎನ್ನುವವರು ಹಿಮಾಚಲ ಪ್ರದೇಶವನ್ನು ನೋಡಲಿ. ಅಲ್ಲಿ ಬೇಸಿಗೆಯಲ್ಲಿ ಮುಚ್ಚುವ ಶಾಲೆಗಳೂ ಚಳಿಗಾಲದಲ್ಲಿ ಮುಚ್ಚುವ ಶಾಲೆಗಳೂ ಒಂದೇ ಇಲಾಖೆಯಡಿ ನಡೆಯುತ್ತವೆ.

ಇದಕ್ಕೆ ಹೊಸ ಕಾನೂನೂ ಬೇಕಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 9ನೇ ಕಲಮು ಶೈಕ್ಷಣಿಕ ಕ್ಯಾಲೆಂಡರ್ ತೀರ್ಮಾನಿಸುವುದನ್ನು ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳ ಪಟ್ಟಿಯಲ್ಲೇ ಸೇರಿಸಿದೆ. ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದ್ದರಿಂದ ಆ ಅಧಿಕಾರವನ್ನು ಕೇಳುವವರೇ ಇಲ್ಲದಂತಾಯಿತು. ಶಾಸಕಿ ಎತ್ತಬೇಕಾದ ಪ್ರಶ್ನೆ ಇದು. ಜೊತೆಗೆ ಇನ್ನೊಂದು: ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುತ್ತದೆ, ಭಾಗಮಂಡಲದಲ್ಲಿ ಅದಕ್ಕೂ ಹೆಚ್ಚು, ಕುಶಾಲನಗರದ ಕಡೆ ಬಯಲುಸೀಮೆಯ ಮಳೆ. ಇಡೀ ಜಿಲ್ಲೆಗೆ ಒಂದೇ ರಜೆ ಕೊಟ್ಟರೆ ಕುಶಾಲನಗರದ ಮಗುವಿಗೆ ಸುಮ್ಮನೆ ಪಾಠ ತಪ್ಪುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ನಿಗದಿತ ರಜೆಯ ಹೊರಗೆ ಬರುವ ರಜೆಯಾದರೂ ಹೋಬಳಿವಾರು ಆಗಲಿ.

ಕಟ್ಟಡದ ಕೆಲಸದಲ್ಲೂ ಇದೇ ಗೋಳು. ಬಜೆಟ್ ಮಾರ್ಚ್‌ನಲ್ಲಿ, ಕ್ರಿಯಾಯೋಜನೆಗೆ ಒಪ್ಪಿಗೆ ಸಿಗುವಾಗ ಮಳೆಗಾಲ, ಟೆಂಡರ್ ಮುಗಿದು ಕಾರ್ಯಾದೇಶ ಕೈಗೆ ಬರುವಾಗ ನವೆಂಬರ್, ಡಿಸೆಂಬರ್. ಆಗ ಅರೇಬಿಕಾ ಕೊಯ್ಲು, ಅದು ಮುಗಿಯುವ ಮೊದಲೇ ರೋಬಸ್ಟಾ. ತೋಟ ಬಿಟ್ಟು ಗಾರೆ ಕೆಲಸಕ್ಕೆ ಆಳು ಸಿಗುವುದಿಲ್ಲ. ಫೆಬ್ರವರಿಯಲ್ಲಿ ಹೇಗೋ ಶುರು ಮಾಡಿದರೆ ಮಾರ್ಚ್ 31ರೊಳಗೆ ಬಿಲ್ ಆಗಬೇಕು, ಇಲ್ಲದಿದ್ದರೆ ಹಣ ವಾಪಸ್. ಕ್ಯೂರಿಂಗ್‌ಗೆ ಸಮಯ ಕೊಡದ ಕಾಂಕ್ರೀಟು, ಅಳತೆ ಪುಸ್ತಕದಲ್ಲಿ ಮಾತ್ರ ಮುಗಿದ ಕೆಲಸ, ಮುಂದಿನ ಜೂನ್‌ಗೆ ಬಕೆಟ್ ಇಟ್ಟುಕೊಂಡ ತರಗತಿ. ಕೆಲಸಕ್ಕೆ ನಿಜವಾಗಿ ಅನುಕೂಲವಾದದ್ದು ಏಪ್ರಿಲ್ 11ರ ಆಸುಪಾಸಿನಿಂದ ಮೇ ಕೊನೆಯವರೆಗಿನ ರಜೆ: ಕೊಯ್ಲು ಮುಗಿದಿರುತ್ತದೆ, ಮಕ್ಕಳಿರುವುದಿಲ್ಲ, ಮಳೆ ಇನ್ನೂ ಹಿಡಿದಿರುವುದಿಲ್ಲ. ಮಳೆ ರಜೆಗೆ 15 ದಿನ ಕೊಟ್ಟ ಮೇಲೂ ಒಂದು ತಿಂಗಳು ಉಳಿಯುತ್ತದೆ, ಛಾವಣಿ ರಿಪೇರಿಗೆ ಅದು ಸಾಕು. ಹಾಗಾಗಬೇಕಾದರೆ ಕಾರ್ಯಾದೇಶ ಜನವರಿಯಲ್ಲೇ ಸಿದ್ಧವಾಗಿರಬೇಕು, ಮಲೆನಾಡಿನ ಶಾಲಾ ಕಾಮಗಾರಿಗಳಿಗೆ ಬಿಲ್ ಪಾವತಿಯ ಗಡುವನ್ನು ಮೇ ಕೊನೆಯವರೆಗೆ ವಿಸ್ತರಿಸಲು ಹಣಕಾಸು ಇಲಾಖೆ ಒಪ್ಪಬೇಕು. ವಿನ್ಯಾಸವೂ ಬದಲಾಗಲಿ. ಬಯಲುಸೀಮೆಯ ಚಪ್ಪಟೆ ತಾರಸಿ ಇಲ್ಲಿ ಎರಡು ಮಳೆಗೆ ಬಿರುಕು ಬಿಡುತ್ತದೆ, ಆಮೇಲೆ ಅದರ ಮೇಲೆ ಶೀಟ್ ಹಾಕಲು ಇನ್ನೊಂದು ಅಂದಾಜುಪಟ್ಟಿ. ಮೊದಲಿಗೇ ಇಳಿಜಾರು ಛಾವಣಿ, ಮೂರಡಿ ಮುಂಚಾಚು ಕೊಟ್ಟರೆ ಆಗುತ್ತದೆ. ಶಾಲೆಯ ಹಿಂದೆ ಬರೆ (ಕಡಿದಾದ ಮಣ್ಣಿನ ಇಳಿಜಾರು) ಇದ್ದರೆ ತಡೆಗೋಡೆ ಕಟ್ಟುವ ಮೊದಲು ಬರೆಯ ಮೇಲ್ಗಡೆ ನೀರು ತಿರುಗಿಸುವ ಚರಂಡಿ, ಗೋಡೆಯೊಳಗೆ ನೀರು ಹೊರಹೋಗುವ ಪೈಪು ಬೇಕು. ಇವೆರಡೂ ಇಲ್ಲದ ಗೋಡೆಯನ್ನು ಹಿಂದೆ ತುಂಬಿದ ನೀರೇ ತಳ್ಳಿ ಬೀಳಿಸುತ್ತದೆ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಅದರಿಂದ ಸಂಬಳ ಕೊಡಲಾಗದು, ಛಾವಣಿ, ಚರಂಡಿ, ಹೊಳೆ ದಾಟುವ ಕಾಲುಸಂಕಕ್ಕೆ ಧಾರಾಳವಾಗಿ ಕೊಡಬಹುದು. ಸ್ವಾಗತ ಕಮಾನಿಗೆ ಕೊಡುವುದು ಬೇಡ.

ಶಿಕ್ಷಕರ ಹುದ್ದೆ ಎಲ್ಲಕ್ಕಿಂತ ಕಠಿಣ. ಇಲ್ಲಿ ಮನೆಗಳು ಊರಾಗಿ ಸೇರಿಕೊಂಡಿಲ್ಲ, ತೋಟದೊಳಗೊಂದು, ಗದ್ದೆಯಾಚೆ ಒಂದು. ಸುತ್ತ ಒಂದು ಕಿಲೋಮೀಟರ್ ಒಳಗೆ ಹತ್ತು ಹದಿನೈದು ಮಕ್ಕಳು ಸಿಕ್ಕರೆ ಹೆಚ್ಚು. ಮಕ್ಕಳು ಕಡಿಮೆ ಎಂದು ಶಾಲೆ ವಿಲೀನಗೊಳಿಸಿದರೆ ಉಳಿಯುವುದು ಆನೆ ಓಡಾಡುವ ದಾರಿಯಲ್ಲಿ ನಾಲ್ಕು ಕಿಲೋಮೀಟರ್ ನಡಿಗೆ. ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಯಾವ ಶಾಲೆಯಲ್ಲೂ ಮಂಜೂರಾದ ಹುದ್ದೆಯ ಶೇ 10ಕ್ಕಿಂತ ಹೆಚ್ಚು ಖಾಲಿ ಇರಬಾರದು ಎಂದು 26ನೇ ಕಲಮು ಹೇಳುತ್ತದೆ. ಇಬ್ಬರಿರುವ ಶಾಲೆಯಲ್ಲಿ ಒಬ್ಬರು ಹೋದರೆ ಖಾಲಿ ಶೇ 50. ಉಳಿದ ಒಬ್ಬರು ಬಿಸಿಯೂಟದ ಲೆಕ್ಕ, ಆನ್‌ಲೈನ್ ದಾಖಲಾತಿ, ಮತಗಟ್ಟೆ ಕೆಲಸ ಎಲ್ಲ ಮುಗಿಸಿ ಐದು ತರಗತಿ ನೋಡಬೇಕು. ಪಕ್ಕದ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಹುಟ್ಟಿದ ನಲಿ-ಕಲಿ ಇಂಥ ಬಹುತರಗತಿ ಶಾಲೆಗೆ ಒಳ್ಳೆಯ ವಿಧಾನ, ಆದರೆ ಟೀಚರ್ ಮಕ್ಕಳ ನಡುವೆ ಕೂತಿದ್ದರೆ ಮಾತ್ರ ಅದು ನಡೆಯುತ್ತದೆ.

ಇಲ್ಲಿ ಲೆಕ್ಕದ ಒಂದು ಮೋಸವೂ ಇದೆ. ದೇಶದ ಶಾಲೆಗಳ ಅಂಕಿಅಂಶ ಇಡುವ ಯುಡೈಸ್ ದಾಖಲೆಗೆ ಸೆಪ್ಟೆಂಬರ್ 30ರ ಮಕ್ಕಳ ಸಂಖ್ಯೆಯೇ ಆಧಾರ. ಅಸ್ಸಾಂ, ಜಾರ್ಖಂಡ್ ಕಡೆಯ ಕುಟುಂಬಗಳು ಕೊಯ್ಲಿಗೆಂದು ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಬಂದು ಸೇರುವುದು ನವೆಂಬರ್ ನಂತರ. ಆ ಮಕ್ಕಳು ಲೆಕ್ಕದಲ್ಲೂ ಇಲ್ಲ, ಬಹುಪಾಲು ತರಗತಿಯಲ್ಲೂ ಇಲ್ಲ. ಜನವರಿ 15ಕ್ಕೆ ಕಾಫಿ ತಾಲ್ಲೂಕುಗಳಲ್ಲಿ ಎರಡನೇ ಎಣಿಕೆ ನಡೆಸಿ, ಹುದ್ದೆ ಹಂಚುವಾಗ ಎರಡರಲ್ಲಿ ಹೆಚ್ಚಿನದನ್ನು ಹಿಡಿಯಬೇಕು. ಟಿಸಿ ಇಲ್ಲ, ಜನನ ಪ್ರಮಾಣಪತ್ರ ಇಲ್ಲ ಎಂದು ಮಗುವನ್ನು ವಾಪಸ್ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದು ಕಾಯ್ದೆಯೇ ಹೇಳಿದೆ. ಮಾರ್ಚ್‌ನಲ್ಲಿ ಕುಟುಂಬ ಹೊರಡುವ ದಿನವೇ ಟಿಸಿ ಕೈಗೆ ಕೊಡುವುದೂ ಅಷ್ಟೇ ಮುಖ್ಯ, ಇಲ್ಲದಿದ್ದರೆ ಮಗು ಊರಿನ ಶಾಲೆಯಲ್ಲಿ ಮತ್ತೆ ಒಂದನೇ ತರಗತಿಗೆ ಬೀಳುತ್ತದೆ.

ಹಾಡಿಯ ಮಕ್ಕಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಶಾಲೆ ಬಿಡುವ ಯರವ, ಜೇನುಕುರುಬ ಮಕ್ಕಳಿಗೆ ಓದಿನಲ್ಲಿ ಆಸಕ್ತಿ ಇಲ್ಲ ಎನ್ನುವುದು ಶುದ್ಧ ಸುಳ್ಳು. ಮೊದಲ ದಿನ ಅವರ ಮಾತು ಅರ್ಥವಾಗುವ ಒಬ್ಬರೂ ತರಗತಿಯಲ್ಲಿ ಇರುವುದಿಲ್ಲ. ಕುಟ್ಟ ದಾಟಿ ತೋಲ್ಪೆಟ್ಟಿ ಹೊಕ್ಕರೆ ಸಿಗುವ ವಯನಾಡಿನಲ್ಲಿ ಗೋತ್ರಬಂಧು ಎಂಬ ಯೋಜನೆಯಡಿ ಬುಡಕಟ್ಟು ಸಮುದಾಯಗಳ ಓದಿದ ಯುವಕ ಯುವತಿಯರನ್ನೇ ಪ್ರಾಥಮಿಕ ಶಾಲೆಗಳಿಗೆ ಮಾರ್ಗದರ್ಶಿ ಶಿಕ್ಷಕರಾಗಿ ನೇಮಿಸಿದ್ದಾರೆ. ಗಡಿಯ ಎರಡೂ ಕಡೆ ಇರುವುದು ಅದೇ ಸಮುದಾಯಗಳು. ತಿತಿಮತಿ, ನಾಗರಹೊಳೆ, ಬಸವನಹಳ್ಳಿ, ಬ್ಯಾಡಗೊಟ್ಟದ ಶಾಲೆಗಳಿಂದ ಇದನ್ನು ಇಲ್ಲೂ ಶುರು ಮಾಡಬಹುದು. ಕೂಡಿಗೆಯ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಅವರಿಗೆ ನಲಿ-ಕಲಿ ತರಬೇತಿ ಕೊಡಲಿ, ಸಂಬಳ ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಯಿಂದ ಬರಲಿ.

ಸಿದ್ದಾಪುರ, ಮಾಲ್ದಾರೆ, ಚೆನ್ನಯ್ಯನಕೋಟೆ, ಪಾಲಿಬೆಟ್ಟ ಕಡೆ ಶಾಲೆಯ ಸಮಯವನ್ನೇ ಬದಲಿಸಬೇಕು. ನಾಲ್ಕೂಕಾಲಿನ ನಂತರ ಹೊರಟ ಮಗು ಮನೆ ಸೇರುವ ಹೊತ್ತಿಗೆ ಆನೆಗಳು ತೋಟದಿಂದ ಎದ್ದಿರುತ್ತವೆ. ಮೂರೂವರೆಗೆ ಬಿಟ್ಟು, ಬೆಳಿಗ್ಗೆ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಸಂದೇಶ ನೋಡಿ ಗಂಟೆ ಬಾರಿಸುವ ಅಧಿಕಾರ ಮುಖ್ಯ ಶಿಕ್ಷಕರಿಗೆ ಇರಲಿ. ಶಾಲೆ ದೂರವಿರುವ ಮಕ್ಕಳ ಸಾರಿಗೆಗೆ ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವರ್ಷಕ್ಕೆ ಒಂದು ಮಗುವಿಗೆ 6,000 ರೂಪಾಯಿವರೆಗೆ ಅವಕಾಶವಿದೆ. ಅದನ್ನು ವರ್ಷದ ಕೊನೆಗೆ ಪೋಷಕರ ಖಾತೆಗೆ ಹಾಕಿದರೆ ಜೂನ್‌ನಲ್ಲಿ ಜೀಪು ಓಡುವುದಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮೂಲಕ ಮುಂಗಡವಾಗಿ ವಾಹನಕ್ಕೇ ಕೊಡಬೇಕು.

ಚಿಕ್ಕಅಳುವಾರದ ಕೊಡಗು ವಿಶ್ವವಿದ್ಯಾಲಯದ ಬಗ್ಗೆ ಹೆಚ್ಚು ಬರೆಯುವುದಿಲ್ಲ. 2023ರಲ್ಲಿ ಆರಂಭವಾದದ್ದನ್ನು 2025ರಲ್ಲಿ ಮುಚ್ಚುವ ಪಟ್ಟಿಗೆ ಸೇರಿಸಿದ್ದು ತಪ್ಪು. ಹಣವಿಲ್ಲದೆ ಹೆಸರು ಮಾತ್ರ ಕೊಟ್ಟದ್ದೂ ತಪ್ಪೇ.

ಕೊನೆಗೆ ಪ್ರಶ್ನೆ ಕೇಳುವ ರೀತಿ. "ಕೊಡಗಿನಲ್ಲಿ ಎಷ್ಟು ಶಿಕ್ಷಕರ ಹುದ್ದೆ ಖಾಲಿ ಇವೆ, ಸರ್ಕಾರ ಏನು ಕ್ರಮ ಕೈಗೊಂಡಿದೆ" ಎಂದು ಕೇಳಿದರೆ ಒಂದು ಸಂಖ್ಯೆ, "ನಿಯಮಾನುಸಾರ ಕ್ರಮ ವಹಿಸಲಾಗುತ್ತಿದೆ" ಎಂಬ ಒಂದು ಸಾಲು ಬರುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಯಾಗಿಯೇ ಕೊಡಬೇಕು, ಆಗ ಮಂತ್ರಿಗಳು ಎದ್ದು ಉತ್ತರಿಸುತ್ತಾರೆ, ಉಪಪ್ರಶ್ನೆಗೆ ಜಾಗ ಸಿಗುತ್ತದೆ. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಶೈಕ್ಷಣಿಕ ವಲಯಗಳ ಪ್ರತಿ ಶಾಲೆಗೂ ಶಾಲಾವಾರು ಕೇಳಬೇಕು: ಮಂಜೂರಾದ ಹುದ್ದೆ ಎಷ್ಟು, ಆ ಶಾಲೆಯಲ್ಲೇ ಪಾಠ ಮಾಡುತ್ತಿರುವವರು ಎಷ್ಟು, ಸಂಬಳ ಇಲ್ಲಿ ಪಡೆದು ನಿಯೋಜನೆಯ ಮೇಲೆ ಕಚೇರಿಯಲ್ಲಿರುವವರು ಯಾರು, ಎಂದಿನಿಂದ, ಅತಿಥಿ ಶಿಕ್ಷಕರು ಶಾಲೆಗೆ ಹಾಜರಾದ ದಿನಾಂಕ ಯಾವುದು, ಅವರ ಗೌರವಧನ ಯಾವ ತಿಂಗಳವರೆಗೆ ಪಾವತಿಯಾಗಿದೆ, ಮಳೆ ರಜೆ ಎಷ್ಟು ದಿನ, ಅದರಲ್ಲಿ ಎಷ್ಟು ದಿನದ ಪಾಠವನ್ನು ಯಾವ ದಿನಾಂಕಗಳಂದು ಸರಿದೂಗಿಸಲಾಯಿತು. ಉತ್ತರ ಅನುಬಂಧವಾಗಿ ಬರುತ್ತದೆ. ಅದರ ಪ್ರತಿಯನ್ನು ಪ್ರತಿ ಎಸ್‌ಡಿಎಂಸಿಗೂ ಕಳಿಸಿ, ಸುಳ್ಳಿದ್ದರೆ ಬರೆದು ತಿಳಿಸಿ ಎಂದು ಕೇಳಬೇಕು. ಮುಂದಿನ ಅಧಿವೇಶನದ ಉಪಪ್ರಶ್ನೆಗಳು ಆ ಪತ್ರಗಳಿಂದಲೇ ಹುಟ್ಟುತ್ತವೆ.