ಕಿಟಕಿಯಿಂದ ಎಸೆದ ಟವೆಲ್

ಬಸ್ಸು ಸ್ಟ್ಯಾಂಡಿಗೆ ಬರುತ್ತಿದ್ದ ಹಾಗೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ನಮ್ಮ ಕಡೆ ಹಳೆಯ ಪದ್ಧತಿ. ಟವೆಲ್ ಬಿತ್ತೋ, ಸೀಟು ನಮ್ಮದು. ಟ್ರೇಡ್‌ಮಾರ್ಕ್ ಅಂದರೂ ಹೆಚ್ಚುಕಮ್ಮಿ ಇದೇ. ಹೆಸರಿನ ಮೇಲೆ ಟವೆಲ್ ಬದಲು ಅರ್ಜಿ. ಸರಕು-ಸೇವೆಗಳನ್ನು ವಿಂಗಡಿಸಿದ ಒಟ್ಟು 45 ಕ್ಲಾಸು, ಬಸ್ಸಿನವರು ಕೂರಬೇಕಾದ್ದು 39ನೇ ಕ್ಲಾಸಿನಲ್ಲಿ.

2013ರಲ್ಲಿ ನಮ್ಮ ಸಾರಿಗೆ ನಿಗಮ 'ಕೆಎಸ್‌ಆರ್‌ಟಿಸಿ' ಎಂಬ ಐದು ಇಂಗ್ಲಿಷ್ ಅಕ್ಷರಗಳ ಮೇಲೆ ಟವೆಲ್ ಹಾಕಿತು. ಕನ್ನಡದಲ್ಲಿ ಕ.ರಾ.ರ.ಸಾ.ನಿ. ಅಂತ ಇದೆಯಲ್ಲ, ಅದಕ್ಕೆ ಯಾರ ತಂಟೆಯೂ ಇರಲಿಲ್ಲ. ಇರಲಿ. 1973ರ ನವೆಂಬರ್ 1ರಿಂದಲೇ, ಅಂದರೆ ಮೈಸೂರು ರಾಜ್ಯ ಕರ್ನಾಟಕವಾದ ದಿನದಿಂದಲೇ ಈ ಹೆಸರು ನಮ್ಮದು ಎಂದು ಬರೆದುಕೊಟ್ಟಿತು. ಅದಕ್ಕೂ ಮುಂಚೆ ನಮ್ಮದು ಎಂಎಸ್‌ಆರ್‌ಟಿಸಿ. ರಾಜ್ಯದ ಹೆಸರು ಬದಲಾಗದಿದ್ದರೆ ಈ ಜಗಳ ಮಹಾರಾಷ್ಟ್ರದ ಎಂಎಸ್‌ಆರ್‌ಟಿಸಿ ಜೊತೆ ಆಗುತ್ತಿತ್ತು. ಅವರ ಜೊತೆ ಜಗಳಕ್ಕೆ ವಿಷಯ ಮೊದಲೇ ಜಾಸ್ತಿ ಇವೆ, ಬಿಡಿ.

ಕೇರಳದ ಸಾರಿಗೆ ನಿಗಮವೂ ಕೆಎಸ್‌ಆರ್‌ಟಿಸಿಯೇ. ಅದು ಸುಮ್ನೆ ಇರುತ್ತದಾ? 'ಎದ್ದೇಳಿ, ಈ ಸೀಟಲ್ಲಿ ನಾವು 1965ರಿಂದ ಕೂತಿದ್ದೇವೆ' ಎಂದಿತು.

ಜಗಳ ಚೆನ್ನೈನ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಗೆ ಹೋಯಿತು. ವರ್ಷಗಟ್ಟಲೆ ಅಲ್ಲೇ ಇತ್ತು. 2021ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆ ಮಂಡಳಿಯನ್ನೇ ಎತ್ತಿಬಿಟ್ಟಿತು. ಘಾಟಿಯಲ್ಲಿ ಬಸ್ಸು ಕೆಟ್ಟು ನಿಂತಾಗ ಕಂಡಕ್ಟರು ಎಲ್ಲರನ್ನೂ ಇಳಿಸಿ ಹಿಂದಿನ ಬಸ್ಸಿಗೆ ಹತ್ತಿಸುತ್ತಾನಲ್ಲ, ಹಾಗೆ ಕೇಸು ಮದ್ರಾಸ್ ಹೈಕೋರ್ಟಿಗೆ ಹತ್ತಿತು. ಜೂನ್‌ನಲ್ಲಿ ಕೇರಳದವರು 'ಗೆದ್ದೆವು' ಎಂದು ಸಂಭ್ರಮಿಸಿದರು. ನಮ್ಮವರು 'ಅಂಥ ಆದೇಶವೇ ಬಂದಿಲ್ಲ' ಎಂದರು. 2023ರ ಡಿಸೆಂಬರ್‌ನಲ್ಲಿ ಹೈಕೋರ್ಟು ಕೇರಳದ ಅರ್ಜಿ ವಜಾ ಮಾಡಿತು. ತಮಿಳುನಾಡಿನಲ್ಲಿ ಕೂತ ಕೋರ್ಟಿನ ತೀರ್ಪಿಗೆ ಕರ್ನಾಟಕ ಇಷ್ಟೊಂದು ಖುಷಿಪಟ್ಟಿದ್ದು ಅಪರೂಪ. ಕಾವೇರಿ ಕೇಸಿನಲ್ಲಿ ಈ ಭಾಗ್ಯ ಎಲ್ಲಿತ್ತು?

ಗಿರಾಕಿಗೆ ಗೊಂದಲ ಆಗಬಾರದು, ಟ್ರೇಡ್‌ಮಾರ್ಕ್ ಇರುವುದೇ ಅದಕ್ಕೆ. ಮಂಗಳೂರು–ಕಾಸರಗೋಡು ದಾರಿಯಲ್ಲಿ ಎರಡೂ ಕೆಎಸ್‌ಆರ್‌ಟಿಸಿ ಓಡುತ್ತವೆ. ಗೊಂದಲಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ಕುಂಬಳೆಗೆ ಹೋಗುವ ಅಜ್ಜಿ ಮೊದಲು ಬಂದ ಬಸ್ಸು ಹತ್ತುತ್ತಾರೆ. ಸೀಟು ಇದೆಯಾ ಅಂತ ನೋಡುತ್ತಾರೆ, ಅಷ್ಟೇ.

ಹಾಗಂತ ಗೊಂದಲ ಇಲ್ಲವೇ ಇಲ್ಲ ಅನ್ನಬೇಡಿ. ಟಿಕೆಟಿಗೆ ಐನೂರರ ನೋಟು ಚಾಚಿ ನೋಡಿ. ನಮ್ಮ ಕಂಡಕ್ಟರು 'ಚಿಲ್ಲರೆ' ಅನ್ನುತ್ತಾರೆ, ಅವರ ಕಂಡಕ್ಟರು 'ಚಿಲ್ಲರ' ಅನ್ನುತ್ತಾರೆ. ಕಿವಿಗೆ ಎರಡೂ ಒಂದೇ ಥರ. 39ನೇ ಕ್ಲಾಸಿನಲ್ಲಿ ಈ ಸೀಟು ಇನ್ನೂ ಖಾಲಿ ಇರಬೇಕು.