ಗಾಳಿ ಹೊತ್ತ ಲಾರಿ

ಮಾಲೂರಿನ ಇಟ್ಟಿಗೆ ಲಾರಿ ನೋಡಿದ್ದೀರಲ್ಲ? ಅರ್ಧ ಎತ್ತರಕ್ಕೂ ತುಂಬಿರುವುದಿಲ್ಲ, ಆಗಲೇ ಸ್ಪ್ರಿಂಗ್ ಪಟ್ಟಿ ಬಗ್ಗಿರುತ್ತದೆ. ಅದೇ ಮಾಲೂರಿನ ಕಡೆ ನಾನು ಡಿಸ್ಪ್ಯಾಚ್ ನೋಡಿಕೊಳ್ಳುತ್ತಿದ್ದ ಕಾರ್ಖಾನೆಯದು ಇದಕ್ಕೆ ಪೂರಾ ಉಲ್ಟಾ. ಫ್ರಿಜ್ಜು, ವಾಷಿಂಗ್ ಮೆಷಿನ್ ಮೂಲೆಗೆ ಇಡುವ ಥರ್ಮಾಕೋಲ್ ತುಂಡುಗಳು ನಮ್ಮ ಮಾಲು. 32 ಅಡಿ ಕಂಟೇನರನ್ನು ಚಾವಣಿವರೆಗೆ ತುಂಬಿ, ಬಾಗಿಲನ್ನು ಭುಜ ಕೊಟ್ಟು ಒತ್ತಿ ಹಾಕಿದರೂ ಒಳಗೆ ಒಂದು ಟನ್ ಇರುತ್ತಿರಲಿಲ್ಲ. ಗಾಡಿಗೆ 7 ಟನ್ ಹೊರುವ ತಾಕತ್ತು. ಥರ್ಮಾಕೋಲಿನಲ್ಲಿ ನೂರಕ್ಕೆ 98 ಪಾಲು ಗಾಳಿ, ಇನ್ನೇನಾಗುತ್ತದೆ?

ಒಂದು ದಿನ ಯಜಮಾನರು ಮೈಸೂರ್ ಪಾಕ್ ಹಂಚಿದರು. ಚೆನ್ನೈ ಹತ್ತಿರದ ಶ್ರೀಪೆರಂಬದೂರಿನ ಕಂಪನಿಯೊಂದರ ದೊಡ್ಡ ಆರ್ಡರ್ ಸಿಕ್ಕಿತ್ತು. ಕಚ್ಚಾ ಮಾಲು, ಕರೆಂಟು, ಕೂಲಿ, ಲಾಭ ಎಲ್ಲ ಪೈಸೆ ಲೆಕ್ಕದಲ್ಲಿ ಕೂಡಿಸಿ ರೇಟು ಕೊಟ್ಟಿದ್ದರು. ಸಾಗಣೆಗೆ ಮಾತ್ರ ಒಂದು ಅಂದಾಜು. ಮೀಟಿಂಗ್ ನಡೆದ ರೂಮಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನಾನು ಲೋಡ್ ಎಣಿಸುತ್ತಿದ್ದೆ. ಯಾರೂ ಕರೆಯಲಿಲ್ಲ.

ಆ ಕಂಪನಿಯವರ ಗೋಡೌನಿನಲ್ಲಿ ಜಾಗ ಇರಲಿಲ್ಲ. ಬೇಕಾದಷ್ಟನ್ನೇ ದಿನಾ ಕಳಿಸಿ ಅಂದರು. ದಿನಾ ಅರ್ಧ ಗಾಡಿ, ಇನ್ನೂರು ಕಿಲೋಮೀಟರಿಗೂ ಜಾಸ್ತಿ ದೂರ, ಬರುವಾಗ ಖಾಲಿ. ಡ್ರೈವರ್ ನಗುತ್ತಾ, "ಸಾರ್, ಡೀಸೆಲ್ ಹಾಕಿ ಗಾಳಿ ಹೊಡೀತಿದ್ದೀವಿ" ಅನ್ನುತ್ತಿದ್ದ. ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇ ಪೂರ್ತಿ ಆಗಲಿ, ಎಲ್ಲ ಸರಿಹೋಗುತ್ತೆ ಅಂತ ಯಜಮಾನರ ಸಮಾಧಾನ. ರಸ್ತೆ ಹೊತ್ತು ಉಳಿಸುತ್ತದೆ, ನಿಜ. ಅರ್ಧ ಖಾಲಿ ಗಾಡಿಯನ್ನು ಅದು ತುಂಬಿಸುತ್ತದಾ? ನಾಲ್ಕು ತಿಂಗಳಿಗೆ ಆರ್ಡರ್ ಕೈಬಿಟ್ಟೆವು. ಅಷ್ಟರಲ್ಲಿ ವೇಮಗಲ್ ಕಡೆಯ ಒಬ್ಬ ಹಳೇ ಗಿರಾಕಿಯೂ ಹೋಗಿದ್ದ. ಅವನ ಮಾಲಿಗೆ ಗಾಡಿ ಸಿಗುತ್ತಿರಲಿಲ್ಲ. ನನಗೆ ಹೊಟ್ಟೆ ಉರಿದಿದ್ದು ಅದಕ್ಕೇ ಜಾಸ್ತಿ.

ಇಂಥ ಪ್ಯಾಕಿಂಗ್ ಕಾರ್ಖಾನೆಗಳು ಗಿರಾಕಿ ಕಂಪನಿಯ ಪಕ್ಕದಲ್ಲೇ ಯಾಕೆ ಶೆಡ್ ಹಾಕುತ್ತವೆ ಹೇಳಿ? ಎಲ್ಲಿ ಇರಬೇಕು, ಯಾರಿಗೆ ಮಾರಬೇಕು ಅನ್ನುವುದನ್ನು ಅಲ್ಲಿ ಲಾರಿಯೇ ತೀರ್ಮಾನಿಸುತ್ತದೆ. ನಮ್ಮಲ್ಲಿ ಮೊದಲು ಮಾರು, ಆಮೇಲೆ ಗಾಡಿ ನೋಡೋಣ ಅನ್ನುತ್ತಾರೆ. ಅದಕ್ಕೆ 'ಸ್ಟ್ರಾಟಜಿ' ಅಂತ ಹೆಸರು ಬೇರೆ. ಸುಮ್ನೆ.

ಇದನ್ನು ಕಲಿಯೋಕೆ ಎಂಬಿಎ ಬೇಕಿಲ್ಲ. ಬೆಳಿಗ್ಗೆ ಕೋಲಾರದ ಎಪಿಎಂಸಿಗೆ ಹೋಗಿ ಟೊಮೆಟೊ ಹರಾಜು ನೋಡಿ. ಉತ್ತರದ ಊರುಗಳಿಗೆ ಕಳಿಸುವ ವ್ಯಾಪಾರಿ ಕೆಂಪು ಹಣ್ಣಿಗೆ ಕೈಯೇ ಹಾಕುವುದಿಲ್ಲ. ಇನ್ನೂ ಬಣ್ಣ ತಿರುಗುತ್ತಿರುವ ಗಟ್ಟಿ ಕಾಯಿ ಬೇಕು ಅವನಿಗೆ. ದಾರಿಯಲ್ಲಿ ಅದು ಹಣ್ಣಾಗುತ್ತದೆ. ಪೂರ್ತಿ ಹಣ್ಣಾದದ್ದು ಬೆಂಗಳೂರಿಗೋ ಚೆನ್ನೈಗೋ. ಎಷ್ಟು ದಿನದ ದಾರಿ ಅಂತ ಲೆಕ್ಕ ಹಾಕಿಯೇ ಅವನು ಕೂಗುತ್ತಾನೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿದಾಗಲೂ ಆಸೆಗೆ ಬಿದ್ದು ಹಣ್ಣನ್ನು ದೂರಕ್ಕೆ ಕಳಿಸಿದ್ದರೆ ತಲುಪುತ್ತಿದ್ದದ್ದು ಗೊಜ್ಜೇ ಅಲ್ವಾ? ಅವನ ವ್ಯಾಪಾರ, ಸಾಗಣೆ ಎರಡೂ ಒಂದೇ ತಲೆಯಲ್ಲಿವೆ. ನಮ್ಮ ಕಾರ್ಖಾನೆಗಳಲ್ಲಿ ಒಂದು ಎಸಿ ರೂಮಿನಲ್ಲಿ, ಇನ್ನೊಂದು ಗೇಟಿನ ಹತ್ತಿರ.

ಮೊನ್ನೆ ನರಸಾಪುರದ ಗೆಳೆಯನೊಬ್ಬ ಫೋನ್ ಮಾಡಿದ್ದ. ಪುಣೆಯಿಂದ ಪ್ಲಾಸ್ಟಿಕ್ ಟ್ರೇಗೆ ಆರ್ಡರ್ ಬಂದಿದೆಯಂತೆ, ರೇಟು ಚೆನ್ನಾಗಿದೆಯಂತೆ, ತಗೊಳ್ಳಲಾ ಅಂದ. ಒಂದು ಗಾಡಿಗೆ ಎಷ್ಟು ಟ್ರೇ ಹಿಡಿಯುತ್ತೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಫೋನ್ ಇಡದೆ ಯಾರನ್ನೋ ಕೂಗಿದ: "ಲೋ, ಟೇಪ್ ತಗೊಂಡು ಬಾರೋ!"